ದಾರಿ ಗುಂಟ

ಆ ಕೋಲು ನೆಲದೊಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅದು ಬಿದ್ದ ಸದ್ದು ಕೇಳಲೇ ಇಲ್ಲ ಎಂದು ಆಮೇಲೆ ಬಹಳ ಜನರಿಗೆ ಹೇಳಿದ್ದೇನೆ. ಈಗ ಕೂತು ಯೋಚಿಸಿದರೆ, ಸದ್ದು ಬರಲಿಲ್ಲವೋ, ಬಂದದ್ದು ನನಗೆ ಕೇಳಲಿಲ್ಲವೋ, ಖಚಿತವಾಗಿ ಹೇಳಲಾರೆ. ನನ್ನ ಕಿವಿಯಲ್ಲಿ ಆಗ ನನ್ನದೇ ರಕ್ತ ಮೊರೆಯುತ್ತಿತ್ತು. ಹೇಳುತ್ತ ಹೇಳುತ್ತ ಇಂಥ ಮಾತುಗಳು ಬೆಳೆದುಬಿಡುತ್ತವೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ, ಮೊದಲಿನಿಂದ ಬರೆದಿಡುತ್ತಿದ್ದೇನೆ.

ನಾನಿರುವುದು ಬಂಗಾರಪೇಟೆಯಲ್ಲಿ. ಕೆಲಸ ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ. ಊರುಗಳಲ್ಲಿ ರಸ್ತೆ, ಬಸ್ ನಿಲ್ದಾಣ, ನಡೆಯುವ ದಾರಿ ಎಲ್ಲೆಲ್ಲಿ ಬರಬೇಕೆಂದು ಯೋಜನೆ ಮಾಡಿಕೊಡುವ ಕಚೇರಿ ಅದು. ನಕ್ಷೆ ಹಾಕುವವರು ಎಂಜಿನಿಯರುಗಳು. ನನ್ನದು ಜನರನ್ನು ಮಾತಾಡಿಸುವ ಕೆಲಸ. ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ನಡೆದೋ ಆಟೋದಲ್ಲೋ, ಮಳೆ ಬಂದರೆ ಏನು ಮಾಡುತ್ತೀರಿ, ಕತ್ತಲಾದರೆ ಹೆದರಿಕೆಯಾಗುತ್ತದೆಯೇ ಎಂದೆಲ್ಲ ಕೇಳುವುದು, ಅವರು ಹೇಳಿದ್ದನ್ನು ತಂದು ಒಪ್ಪಿಸುವುದು. ಕನ್ನಡದ ಜೊತೆ ತಮಿಳು, ತೆಲುಗು ಎರಡೂ ನಾಲಿಗೆಗೆ ಬರುವುದರಿಂದ ಕೋಲಾರದ ಕಡೆಯ ಕೆಲಸ ಬಂದರೆ ನನ್ನನ್ನೇ ಕಳಿಸುತ್ತಾರೆ.

ಈ ಸಲ ಬಂದ ಕೆಲಸ ಕೆಜಿಎಫ್‌ನ ಅಂಚಿನ ಒಂದು ಕೆರೆಯದು. ಹೂಳು ತೆಗೆದು, ದಂಡೆಯ ಮೇಲೆ ಕಲ್ಲು ಹಾಸಿ, ಬೆಂಚು, ದೀಪ, ಮಕ್ಕಳ ಉಯ್ಯಾಲೆ, ಒಂದು ಸಾಲು ತಿಂಡಿ ಅಂಗಡಿ ಮಾಡುವ ಕೆಲಸ ಆಗಲೇ ಶುರುವಾಗಿತ್ತು. ಗಣಿ ನಿಂತ ಮೇಲೆ ಊರಿಗೆ ಹೊಸದಾಗಿ ಬಂದದ್ದು ಇದೊಂದೇ ಎಂದು ಜನ ಸಂಜೆ ಹೊತ್ತು ಜೆಸಿಬಿ ನೋಡಲು ಹೋಗುತ್ತಿದ್ದರು. ತೊಡಕೆಂದರೆ ರಸ್ತೆಯದು. ಕೆರೆಗೆ ಇರುವುದು ಒಂದೇ ರಸ್ತೆ. ಅದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ದಾಟಿ, ಸುತ್ತಿ ಬಳಸಿ, ಕೊನೆಗೆ ಕೆರೆಯ ಏರಿಯ ಮೇಲೆ ಹತ್ತುತ್ತದೆ. ಎದುರಿಗೆ ಲಾರಿ ಬಂದರೆ ಆಟೋ ಮಣ್ಣಿಗೆ ಇಳಿಯಲೇಬೇಕು. ಭಾನುವಾರಗಳಲ್ಲಿ ಕಾರುಗಳೂ ಬರತೊಡಗಿದರೆ ಏನು ಗತಿ ಎಂದು ಹೆದರಿ, ಕಾರಿಲ್ಲದೆ ಕೆರೆಗೆ ಬರುವ ದಾರಿ ಹುಡುಕಿಕೊಡಿ ಎಂದು ನಮ್ಮ ಕಚೇರಿಗೆ ಹೇಳಿದ್ದರು. ರೈಲಿನಲ್ಲಿ ಬಂದು ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದವರು ಅಲ್ಲಿಂದ ನಡೆದೋ, ಸೈಕಲ್ಲಿನಲ್ಲೋ, ಬ್ಯಾಟರಿ ಗಾಡಿಯಲ್ಲೋ ನೀರಿನ ತನಕ ಹೋಗುವಂತಿರಬೇಕು.

ಸ್ಟೇಷನ್ನಿಗೂ ಕೆರೆಗೂ ನಡುವೆ ಇರುವುದು ಹಳೆಯ ಗಣಿಯ ಬಯಲು. ಜಾಲಿ ಬೆಳೆದಿದೆ. ಅಲ್ಲಲ್ಲಿ ಮುರಿದ ಗೋಡೆ, ಕಬ್ಬಿಣ ಕಿತ್ತುಕೊಂಡು ಹೋದ ಕಾಂಕ್ರೀಟು ಕಟ್ಟೆ. ಒಂದು ಕಡೆಗೆ ಸೈನೈಡ್ ದಿಬ್ಬದ ಬೂದು ಇಳಿಜಾರು. ಚಿನ್ನ ತೆಗೆದುಕೊಂಡು ಉಳಿದ ಪುಡಿಮಣ್ಣನ್ನು ಸುರಿದ ಗುಡ್ಡ ಅದು; ಗಾಳಿ ಎದ್ದರೆ ಬಟ್ಟೆ ಒಣಹಾಕುವಂತಿಲ್ಲ. ಇದರ ನಡುವೆ ಒಂದು ಕಾಲುದಾರಿ. ಯಾರೂ ಮಾಡಿದ್ದಲ್ಲ, ನಡೆದು ನಡೆದು ಆದದ್ದು.

ಆ ದಾರಿಯಲ್ಲಿ ದಿನಾ ನಡೆಯುವವರಲ್ಲಿ ನನ್ನ ತಂಗಿಯೂ ಒಬ್ಬಳು. ಅವಳನ್ನು ಕೊಟ್ಟಿರುವುದು ಕೆರೆಯ ಆಚೆ ಮೂಲೆಯ ಹಳ್ಳಿಗೆ. ಮನೆಯಲ್ಲಿ ಎರಡು ಹಸು, ಸ್ವಲ್ಪ ಹೊಲ. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಅನ್ನ ಸಾರು ಮಾಡಿಟ್ಟು, ಅವಳು ಮತ್ತು ಆ ಹಳ್ಳಿಯ ಇನ್ನೂ ಕೆಲವು ಹೆಂಗಸರು ಆ ಬಯಲು ದಾಟಿ ಸ್ಟೇಷನ್ನಿಗೆ ಬರುತ್ತಾರೆ. ಕೃಷ್ಣರಾಜಪುರದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕೆಲಸ. ತಡವಾದರೆ ಗೇಟು ಹಾಕುತ್ತಾರೆ, ಅವತ್ತಿನ ದಿನ ಹೋಯಿತು. ಹಾಗೆ ಕೆಲವು ಸಲ ಆದರೆ ಕೆಲಸವೇ ಹೋಯಿತು. ಏರಿಯ ರಸ್ತೆಯಲ್ಲಿ ಬಂದರೆ ಆ ರೈಲು ಸಿಗುವುದಿಲ್ಲ. ಅಷ್ಟು ಬೆಳಗ್ಗೆ ಅಲ್ಲಿ ಬಸ್ಸೂ ಇಲ್ಲ, ಆಟೋವೂ ಇಲ್ಲ. ಅದೇ ರೈಲು ಬಂಗಾರಪೇಟೆಗೆ ಬಂದಾಗ ನಾನು ಹತ್ತುತ್ತೇನೆ. ಹೆಂಗಸರ ಬೋಗಿಯಲ್ಲಿ ಊಟದ ಚೀಲ ಇಟ್ಟು ನನಗೊಂದು ಜಾಗ ಹಿಡಿದಿರುತ್ತಾಳೆ. ಯಾರಾದರೂ ಜಗಳಕ್ಕೆ ಬಂದರೆ ನಮ್ಮಕ್ಕನಿಗೆ ಬೆನ್ನು ನೋವು ಎನ್ನುತ್ತಾಳೆ. ನನಗೆ ಬೆನ್ನು ನೋವು ಇಲ್ಲ.

ನನ್ನ ಜೊತೆ ಬಂದಿದ್ದ ಎಂಜಿನಿಯರು ಧಾರವಾಡದ ಕಡೆಯವರು. ನನಗಿಂತ ಚಿಕ್ಕವರು. ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಕೆಜಿಎಫ್‌ನಲ್ಲಿ ಅವರಿಗೆ ಮಾತೇ ದಿಕ್ಕು ತಪ್ಪಿಸುತ್ತಿತ್ತು. ಟೀ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಆಟೋದವನು ಶುರು ಮಾಡಿದ್ದು ಕನ್ನಡದಲ್ಲಿ, ಚಿಲ್ಲರೆ ಎಣಿಸಿದ್ದು ತೆಲುಗಿನಲ್ಲಿ. ಕನ್ನಡ ನಾಡಿನಲ್ಲೇ ಇದ್ದೇನೋ ಇಲ್ಲವೋ ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ಬೇಸರವೂ ಇತ್ತು.

ಮೊದಲ ಸಲ ಅವರು ಆ ಬಯಲಿಗೆ ಹೋದಾಗ ನಾನು ಜೊತೆಗಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಆಟೋದವರನ್ನು ಮಾತಾಡಿಸುತ್ತಿದ್ದೆ. ಸ್ಟೇಷನ್ನಿನ ಹಿಂದಿನ ಕಡೆಯಿಂದ ಕಾಲುದಾರಿ ಶುರುವಾಗುವಲ್ಲಿ ಒಬ್ಬ ಮುದುಕಿ ಮೇಕೆ ಮೇಯಿಸುತ್ತಿದ್ದಳಂತೆ. ಈ ದಾರಿ ಕೆರೆಗೆ ಹೋಗುತ್ತದೆಯೇ ಎಂದು ಇವರು ಕೇಳಿದ್ದಾರೆ. ಅವಳು ಹೇಳಿದ್ದು ಇವರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಅಷ್ಟು ಸಂತೋಷವಾಗಿತ್ತು ಅವರಿಗೆ. ಆ ಸಲ ಅವರು ಅರ್ಧ ದಾರಿ ನಡೆದು ನೋಡಿ, ಫೋಟೋ ತೆಗೆದುಕೊಂಡು ಬಂದರು. ದಾರಿ ಕೆರೆಯ ತನಕ ಸಲೀಸಾಗಿದೆ, ಸ್ಥಳದವರೂ ಹಾಗೇ ಹೇಳುತ್ತಾರೆ ಎಂದು ಕಚೇರಿಗೆ ತಿಳಿಸಿದರು. ಕಚೇರಿಯವರು ಮಣ್ಣು ಪರೀಕ್ಷೆಯನ್ನು ಕೆರೆಯ ಹತ್ತಿರದ ಜೌಗಿಗೆ ಮಾತ್ರ ಇಟ್ಟುಕೊಂಡು, ಬಯಲಿನ ಮೇಲೆ ಒಂದು ಹಸಿರು ಗೆರೆ ಎಳೆದರು. ನಡೆಯುವವರಿಗೆ, ಸೈಕಲ್ಲಿನವರಿಗೆ.

ಎರಡನೆಯ ಸಲ ಇಬ್ಬರೂ ಹೋದೆವು. ಬಿಸಿಲು ಏರಿತ್ತು. ಅವರ ಕೈಯಲ್ಲಿ ಕೆಂಪು ಬಿಳಿ ಪಟ್ಟೆಯ ಅಳತೆಯ ಕೋಲು, ಆಳಿಗಿಂತ ಎತ್ತರದ್ದು. ತುದಿಯಲ್ಲಿ ಕಬ್ಬಿಣದ ಮೊಳೆ. ಅದನ್ನು ನೆಲಕ್ಕೆ ನೆಟ್ಟು, ದೂರದಿಂದ ನೋಡಿ ಗೆರೆ ನೇರ ಮಾಡಿಕೊಳ್ಳುತ್ತಾರೆ. ಅವರು ಮುಂದೆ, ನಾನು ಹಿಂದೆ. ತಂಗಿಯ ಮನೆಗೆ ಹೋಗುವಾಗ ನಾನೂ ಆ ದಾರಿಯಲ್ಲಿ ಎಷ್ಟೋ ಸಲ ನಡೆದವಳೇ. ಆ ಹೊತ್ತಿಗೆ ನನಗೆ ಯಾವ ಭಯವೂ ಇರಲಿಲ್ಲ, ಇದನ್ನು ಹೇಳಬೇಕು. ಬಾಯಾರಿಕೆ ಇತ್ತು, ಅಷ್ಟೇ.

ಬಯಲಿನ ನಡುವೆ ಬಂದಾಗ ಅವರು ನಿಂತು, ತಿರುಗಿ, ಇಷ್ಟು ದಿನ ಇಟ್ಟುಕೊಂಡಿದ್ದ ಆ ಮಾತನ್ನು ಹೇಳಿದರು.

“ನಿಮ್ಮ ಕಡೆನೂ ಗುಂಟ ಅಂತಾರಲ್ರಿ ಅಕ್ಕಾರ. ನನಗ ಗೊತ್ತಿದ್ದಿಲ್ಲ. ಆ ಆಯಿ ಏನಂದ್ಲು ಗೊತ್ತೇನ್ರಿ? ‘ಓಗ್ತದೆ ಸಾಮಿ, ದಾರಿ ಗುಂಟ, ನೋಡ್ಕೊಂಡು ಓಗು.’ ನಮ್ಮವ್ವ ಮಾತಾಡಿದಂಗ ಆತು.”

ಅವರ ಊರಿನಲ್ಲಿ ದಾರಿಗುಂಟ ಎಂದರೆ ದಾರಿಯ ಉದ್ದಕ್ಕೂ. ಹೊಳೆಗುಂಟ ಹೋಗು, ಗೋಡೆಗುಂಟ ಹೋಗು. ಪುಸ್ತಕದಲ್ಲಿ ಓದಿ ನನಗೂ ಗೊತ್ತಿದ್ದ ಮಾತು. ಆದರೆ ನಮ್ಮ ಕಡೆ ಯಾರ ಬಾಯಲ್ಲೂ ಅದು ಬರುವುದಿಲ್ಲ. ನಮ್ಮಲ್ಲಿ ಗುಂಟ ಎಂದರೆ ತೆಲುಗಿನ ಗುಂಟ. ಗುಂಡಿ, ಹಳ್ಳ, ಕುಸಿದ ಜಾಗ.

ನಾನು ಹಾಗೆಂದು ಹೇಳಿದೆ. ಅವರು ಮೊದಲು ನಕ್ಕರು. ಮುದುಕಿ ಹೇಳಿದ್ದನ್ನು ಮತ್ತೊಮ್ಮೆ, ಈ ಸಲ ನಿಧಾನವಾಗಿ, ತಡೆದು ತಡೆದು ಹೇಳಿಕೊಂಡರು. ಹೋಗುತ್ತದೆ ಸ್ವಾಮಿ. ದಾರಿ. ಗುಂಟ. ನೋಡಿಕೊಂಡು ಹೋಗು. ನಗು ಅವರ ಮುಖದಲ್ಲಿ ಇನ್ನೂ ಇತ್ತು, ಆದರೆ ಅದರಿಂದ ಏನೋ ಇಳಿದುಹೋಗಿತ್ತು.

ಅವರಿಗೆ ಧೈರ್ಯ ಬರಲೆಂದು ನಾನು ಎಡಗಡೆಗೆ ಕೈ ತೋರಿಸಿದೆ. ದಾರಿಯಿಂದ ಸಾಕಷ್ಟು ಆಚೆಗೆ ಒಂದು ಗುಂಡಿ ಇದೆ. ಹಿಂದೆ ಯಾವಾಗಲೋ ಕುಸಿದದ್ದು. ಸುತ್ತ ಮುಳ್ಳು ಹಾಕಿದ್ದಾರೆ. ಕಸ ತುಂಬಿದೆ. ಆ ಹಳ್ಳಿಗೆ ಸೊಸೆಯಾಗಿ ಬಂದವರಿಗೆಲ್ಲ ಮೊದಲು ತೋರಿಸುವುದು ಅದನ್ನೇ. ಮೊದಲಿನ ದಾರಿ ಅದರ ಪಕ್ಕದಲ್ಲೇ ಹೋಗುತ್ತಿತ್ತಂತೆ. ಕುಸಿದ ಮೇಲೆ ಜನ ಅದನ್ನು ಬಿಟ್ಟು ಇತ್ತ ಬಳಸಿ ನಡೆಯತೊಡಗಿದರು. ನಾವು ನಿಂತಿದ್ದದ್ದು ಆ ಬಳಸಿನ ಮೇಲೆ. ಮುದುಕಿ ಹೇಳಿದ ಗುಂಟ ಅದು, ನಾವು ಅದರಿಂದ ದೂರ ಇದ್ದೇವೆ, ಹೆದರಬೇಡಿ ಎಂದೆ. ಅವರ ಭುಜ ಸಡಿಲಾದದ್ದು ನನಗೆ ಕಾಣಿಸಿತು. ಸರಿ, ಅದನ್ನೊಂದು ಗುರುತು ಹಾಕಿಕೊಳ್ಳುತ್ತೇನೆ ಎಂದು ಜೇಬಿನಿಂದ ಫೋನು ತೆಗೆಯಲು ಎರಡೂ ಕೈ ಬೇಕಾಗಿ, ಕೋಲನ್ನು ಕಾಲಿನ ಪಕ್ಕ ನೆಲಕ್ಕೆ ಒತ್ತಿದರು.

ಮೊಳೆ ಒಳಗಿಳಿಯಿತು. ಅದು ಇಳಿಯಬೇಕಾದದ್ದೇ. ಆದರೆ ಮೊಳೆಯ ಹಿಂದೆ ಕೋಲೂ ಇಳಿಯಿತು. ಬಿಸಿ ಮುದ್ದೆಯಲ್ಲಿ ಬೆರಳು ಇಳಿದಂತೆ, ತಡೆಯೇ ಇಲ್ಲದೆ. ಒಂದು ಕೆಂಪು ಪಟ್ಟೆ, ಒಂದು ಬಿಳಿ, ಮತ್ತೆ ಕೆಂಪು. ಅವರು ಬೆಚ್ಚಿ ಕೈ ಬಿಟ್ಟರು. ಬಿಟ್ಟ ಮೇಲೆ ಕೋಲು ಅರೆಕ್ಷಣ ಹಾಗೇ ನಿಂತಿತು ಎಂದು ನನ್ನ ನೆನಪು. ಆಮೇಲೆ ಜಾರಿ ಹೋಯಿತು. ನೆಲದಲ್ಲಿ ಉಳಿದದ್ದು ಒಂದು ಮುಷ್ಟಿಯಷ್ಟು ತೂತು. ಅದರ ಅಂಚಿನಿಂದ ಒಣ ಮಣ್ಣು ಸಣ್ಣಗೆ ಒಳಕ್ಕೆ ಸುರಿಯುತ್ತಿತ್ತು. ಮರಳು ಸೋರಿದ ಹಾಗೆ.

ಅವರ ಕಾಲು ಆ ತೂತಿನಿಂದ ಒಂದು ಗೇಣು ದೂರವಿತ್ತು. ನಾನು ಅವರ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದೆ. ಆ ನೆಲವನ್ನು ನಾನು ಕಣ್ಣಿಟ್ಟು ನೋಡಿದ್ದು ಅವತ್ತೇ ಮೊದಲು ಎಂದು ಹೇಳಬೇಕು. ಇರುವೆ ಸಾಲು ಇತ್ತು, ಬೀಡಿ ತುಂಡು ಇತ್ತು, ಹೆಂಗಸರ ಚಪ್ಪಲಿಗಳ ಗುರುತು ಇತ್ತು. ಅದರಲ್ಲಿ ಒಂದು ನನ್ನ ತಂಗಿಯದಾಗಿರಬೇಕು.

ಬಂದ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ವಾಪಸು ಬನ್ನಿ ಎಂದು ನಾನು ಹೇಳಿದೆನಂತೆ. ಹೇಳಿದ್ದು ನನಗೆ ನೆನಪಿಲ್ಲ, ಅವರು ಹೇಳಿ ಗೊತ್ತು. ಅವರು ಮೊದಲು ಒಂದು ಕಾಲನ್ನು ಎತ್ತಲಾರದೆ ಎತ್ತಿದರು. ನಾನು ತಿರುಗಿ ನಡೆಯತೊಡಗಿದೆ. ಓಡಬಾರದು ಎಂಬುದೊಂದೇ ಮನಸ್ಸಿನಲ್ಲಿ. ಓಡಿದರೆ ಭಾರ ಬೀಳುತ್ತದೆ. ಜೋರಾಗಿ ಮಾತಾಡಿದರೂ ಭಾರವೇ ಎನಿಸಿತ್ತು. ರೈಲು ಹಳಿ ಕಣ್ಣಿಗೆ ಬಿದ್ದ ಮೇಲೂ, ಕಾಂಕ್ರೀಟು ಪ್ಲಾಟ್‌ಫಾರಂ ಹತ್ತಿದ ಮೇಲೂ, ಪಾದ ಹಗುರಾಗಿ ಇಡುವುದನ್ನು ನಿಲ್ಲಿಸಲು ಆಗಲಿಲ್ಲ. ಎಂಜಿನಿಯರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಎರಡೂ ಅಂಗೈಗಳನ್ನು ನೋಡಿಕೊಂಡರು.

ಕೆಳಗೆ ಏನಿದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಗಣಿಯ ಸುರಂಗಗಳು. ನಾನು ಚಿಕ್ಕವಳಿದ್ದಾಗ ಚಾಂಪಿಯನ್ ರೀಫ್ಸ್‌ನ ನೆಂಟರ ಮನೆಯಲ್ಲಿ, ಗಣಿಯೊಳಗೆ ಬಂಡೆ ಸಿಡಿದರೆ ಅಡುಗೆಮನೆಯ ಪಾತ್ರೆಗಳು ನಡುಗಿದ್ದನ್ನು ಕೇಳಿದ್ದೇನೆ. ಪಾತ್ರೆ ನಿಲ್ಲುವ ತನಕ ಹೆಂಗಸರು ಸೌಟು ಹಿಡಿದು ಹಾಗೇ ನಿಲ್ಲುತ್ತಿದ್ದರು. ಆಮೇಲೆ ಅಡುಗೆ ಮುಂದುವರಿಯುತ್ತಿತ್ತು. ಹಾಗಿದ್ದೂ ಯಾವ ಜಾಗದ ಕೆಳಗೆ ಎಷ್ಟು ಪೊಳ್ಳು, ಅದನ್ನು ತುಂಬಿದ್ದಾರೋ ಬಿಟ್ಟಿದ್ದಾರೋ, ಇದು ಮೇಲಿರುವವರಿಗೆ ತಿಳಿಯದು. ಕುಸಿದ ಜಾಗಕ್ಕೆ ಮುಳ್ಳು ಹಾಕಿ ಪಕ್ಕದಲ್ಲಿ ನಡೆಯುತ್ತಾರೆ. ಮುದುಕಿಗೆ ಗೊತ್ತಿದ್ದದ್ದೂ ಮುಳ್ಳು ಹಾಕಿದ ಗುಂಟ. ನನಗೆ ಗೊತ್ತಿದ್ದದ್ದೂ ಅದೇ.

ಮರುದಿನ ರೈಲಿನಲ್ಲಿ ತಂಗಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸಂಜೆಯ ಸಾರಿಗೆ ಅದು, ಹೋಗುವಾಗಲೇ ಸುಲಿದಿಟ್ಟುಕೊಳ್ಳುತ್ತಾಳೆ. ಕೈ ನಿಲ್ಲಿಸಲಿಲ್ಲ. ಆ ಗುಂಟ ತನಗೆ ಗೊತ್ತಿಲ್ಲವೇ, ಮದುವೆಯಾಗಿ ಬಂದ ದಿನವೇ ಅತ್ತೆ ತೋರಿಸಿದ್ದಾರೆ ಎಂದಳು. ಅದಲ್ಲ, ಕೋಲು ಹೋದದ್ದು ನೀವು ನಡೆಯುವ ಕಡೆ, ಭಾರ ಬಿದ್ದರೆ ಕುಸಿಯುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಎದುರಿಗೆ ಕೂತಿದ್ದ ಅವಳ ಜೊತೆಯ ಹೆಂಗಸರು ನನ್ನ ಕಡೆ ಬಗ್ಗಿದರು. ತಂಗಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಕೋಲು ಸಣ್ಣಕಿತ್ತು, ಒಳ್ಗೋಯ್ತು. ನನ್ ನೋಡಕ್ಕ ಎಂಗಿದೀನಿ. ನಾನು ಬಿದ್ರೂ ಸೊಂಟದಾಗೆ ಸಿಕ್ಕಾಕ್ಕೊಂತೀನಿ. ನೀನ್ ಬಂದು ಎಳ್ಕೊ.”

ಎಲ್ಲರೂ ನಕ್ಕರು. ಒಬ್ಬಳು, ಎಳೆಯಲು ಜೆಸಿಬಿ ಬೇಕಾಗುತ್ತದೆ, ಹೇಗೂ ಕೆರೆಯ ಹತ್ತಿರ ನಿಂತಿದೆ ಎಂದಳು. ಮತ್ತೆ ನಕ್ಕರು. ನನಗೂ ನಗು ಬಂತು.

ಎಂಜಿನಿಯರು ಒಳ್ಳೆಯ ಮನುಷ್ಯ. ಮಾತು ತಪ್ಪು ತಿಳಿದದ್ದನ್ನು, ಕೋಲು ಹೋದದ್ದನ್ನು ಒಂದೂ ಬಿಡದೆ ಕಚೇರಿಗೆ ಹೇಳಿದರು. ಹಸಿರು ಗೆರೆ ಅಳಿಸಿದರು. ಬಯಲಿಗೆ ತಂತಿ ಬೇಲಿ ಬಂತು, ಅಪಾಯ ಎಂದು ಮೂರು ಭಾಷೆಯಲ್ಲಿ ಬರೆದ ಹಲಗೆ ಬಂತು. ನೆಲದ ಪರೀಕ್ಷೆಗೆ ದೊಡ್ಡವರು ಬರುತ್ತಾರೆ ಎಂದರು. ಅದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯ ತನಕ ಸ್ಟೇಷನ್ನಿನಿಂದ ಏರಿಯ ರಸ್ತೆಯಲ್ಲಿ ಬ್ಯಾಟರಿ ಗಾಡಿ ಓಡಿಸುವುದು ಎಂದಾಯಿತು. ನಕ್ಷೆಯ ಮಟ್ಟಿಗೆ ಸಮಸ್ಯೆ ಮುಗಿದಿತ್ತು.

ತಂತಿ ಬಂದ ಮೂರನೆಯ ಬೆಳಿಗ್ಗೆಯೋ ನಾಲ್ಕನೆಯದೋ, ಈಗ ಹೇಗೆ ಬರುತ್ತೀರಿ ಎಂದು ನಾನು ತಂಗಿಯನ್ನು ಕೇಳಿದೆ. ಕೆಳಗಿನ ತಂತಿ ಎತ್ತಿ ಹಿಡಿಯುತ್ತಾರೆ, ಒಬ್ಬೊಬ್ಬರಾಗಿ ನುಸುಳುತ್ತಾರೆ, ಕೊನೆಯವಳ ಸೀರೆಯೋ ಚೂಡಿದಾರವೋ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಂಡು ಹೋಗುತ್ತಾರೆ. ಬೇರೆ ದಾರಿ ಎಲ್ಲಿದೆ ಎಂದಳು. ಮೊದಲಿನಂತೆ ಗುಂಪಾಗಿ ಹೋಗುವುದಿಲ್ಲ, ಬಿಡಿಬಿಡಿಯಾಗಿ ಹೋಗುತ್ತೇವೆ, ನೀನು ಹೇಳಿದೆಯಲ್ಲ ಭಾರ ಅಂತ, ಅದಕ್ಕೆ ಎಂದೂ ಸೇರಿಸಿದಳು. ಅಂದರೆ ಅವಳು ಕೇಳಿಸಿಕೊಂಡಿದ್ದಳು.

ಅಂದಿನಿಂದ ನನ್ನ ಬೆಳಗು ಬೇರೆಯಾಯಿತು. ಅವಳು ಹಾಲು ಹಾಕುವ ಹೊತ್ತು ನನಗೆ ಗೊತ್ತು, ಮನೆ ಬಿಡುವ ಹೊತ್ತು ಗೊತ್ತು. ನಾನು ಬಂಗಾರಪೇಟೆಯಲ್ಲಿ ಅನ್ನಕ್ಕೆ ಇಡುವಾಗ ಅವಳು ತಂತಿಯ ಹತ್ತಿರ ಇರುತ್ತಾಳೆ. ಕುಕ್ಕರು ಕೂಗುವುದರೊಳಗೆ ಬಯಲು ದಾಟಿರಬೇಕು. ಫೋನು ಮಾಡಿದರೆ ಎತ್ತುವುದಿಲ್ಲ. ಕಾಲು ನೋಡಿಕೊಂಡು ನಡೆಯಲೋ ನಿನ್ನ ಜೊತೆ ಮಾತಾಡಲೋ ಎಂದು ಬೈದಿದ್ದಳು. ಹಾಗಾಗಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕಾಯುವುದೊಂದೇ. ರೈಲು ಹೊರಡುವ ಊರು ಮಾರಿಕುಪ್ಪಂ; ಆ ಕಡೆಯಿಂದ ಬರುವುದು ದೂರದಿಂದಲೇ ಕಾಣುತ್ತದೆ. ಅದು ನಿಧಾನವಾಗುತ್ತ ನನ್ನ ಮುಂದೆ ಹಾದುಹೋಗುವಾಗ ಹೆಂಗಸರ ಬೋಗಿಯ ಒಂದೊಂದು ಕಿಟಕಿಯನ್ನೂ ನೋಡುತ್ತಿದ್ದೆ. ಅವಳು ಕಂಡ ಮೇಲೆ ಸಿಟ್ಟು ಬರುತ್ತಿತ್ತು. ಒಳಗೆ ಹೋಗಿ ಅವಳ ಊಟದ ಚೀಲ ಸರಿಸಿ ಕೂರುತ್ತಿದ್ದೆ. ಗಂಡ, ಅತ್ತೆ ಏನು ಹೇಳುತ್ತಾರೆ ಎಂದು ಕೇಳಿದರೆ, ಅವರಿಗೆ ಹೇಳಿಲ್ಲ, ಹೇಳಿದರೆ ಕೆಲಸ ಬಿಡು ಅಂತಾರೆ ಎಂದಳು. ಕೆಲಸ ಬಿಡುವುದು ಅವಳಿಗೆ ಬೇಕಿರಲಿಲ್ಲ. ಹೊಲಿಗೆಯ ಸಾಲಿನಿಂದ, ಹೊಲಿದ ಬಟ್ಟೆ ನೋಡಿ ಪಾಸು ಮಾಡುವ ಚೆಕ್ಕಿಂಗಿಗೆ ಬಂದಿದ್ದಳು. ಕುರ್ಚಿ ಸಿಕ್ಕಿತ್ತು, ಹೇಳಿದರೆ ಕೇಳುವವರು ಇದ್ದರು.

ರಾಬರ್ಟ್‌ಸನ್‌ಪೇಟೆಯ ಒಂದು ಚಿಕ್ಕ ಕಚೇರಿಯಲ್ಲಿ ಬ್ಯಾಟರಿ ಗಾಡಿಯ ಸಭೆ ನಡೆಯಿತು. ಗೋಡೆಗೆ ನಮ್ಮ ನಕ್ಷೆ ಅಂಟಿಸಿದ್ದರು. ಗಾಡಿ ಹತ್ತು ಗಂಟೆಗೆ ಶುರು, ರಾತ್ರಿ ದೀಪ ಆರುವ ತನಕ. ನಕ್ಷೆಯ ಮೇಲಿನ ಬಾಣಗಳನ್ನು ನೋಡುತ್ತ ಕೂತಿದ್ದ ನನಗೆ ಒಂದು ವಿಷಯ ಕಂಡಿತು. ಎಲ್ಲ ಬಾಣಗಳೂ ಕೆರೆಯ ಕಡೆಗೇ ತಿರುಗಿದ್ದವು. ಸ್ಟೇಷನ್ನಿನಿಂದ ಕೆರೆಗೆ, ಬಸ್ ನಿಲ್ದಾಣದಿಂದ ಕೆರೆಗೆ. ಕೆರೆಯ ಪಕ್ಕದಲ್ಲಿ ಜನ ಇದ್ದಾರೆ, ಅವರು ಎಲ್ಲಿಗೋ ಹೋಗಬೇಕು ಎಂಬ ಬಾಣ ಒಂದೂ ಇರಲಿಲ್ಲ. ಸಭೆಗಳಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಕೊಡುವವಳು, ತಾನಾಗಿ ಮಾತಾಡುವವಳಲ್ಲ. ಅವತ್ತು ಎದ್ದು ನಿಂತು, ಗಾಡಿಯನ್ನು ಬೆಳಗಿನ ರೈಲಿಗೆ ಬಿಡಿ ಎಂದೆ.

ಮೇಜಿನ ಆಚೆಯ ಅಧಿಕಾರಿ ಕನ್ನಡಕ ತೆಗೆದರು. “ಅಲ್ಲಮ್ಮ, ಅಷ್ಟು ಬೆಳಗ್ಗೆ ಕೆರೆ ನೋಡಕ್ಕೆ ಯಾರು ಬರ್ತಾರೆ? ಕೊಕ್ಕರೆ ಬರ್ತವೆ.”

“ಬರೋರಿಗಲ್ಲ ಸಾರ್, ಹೋಗೋರಿಗೆ” ಎಂದೆ.

ಅವರು ಒಳ್ಳೆಯ ರೀತಿಯಲ್ಲೇ ಹೇಳಿದರು. ಈ ಗಾಡಿ ಕೆರೆಗೆಂದು ಬಂದದ್ದು, ಬೇರೆ ಉಪಯೋಗಕ್ಕೆ ಮೇಲಿನವರು ಒಪ್ಪಬೇಕು, ಬರೆಯೋಣ, ನೋಡೋಣ. ಪಕ್ಕದಲ್ಲಿದ್ದ ಎಂಜಿನಿಯರು ನಕ್ಷೆಯ ಮೇಲೆ ಕೆರೆಯಿಂದ ಹೊರಗೆ ಪೆನ್ಸಿಲಿನಲ್ಲಿ ಒಂದು ಬಾಣ ಎಳೆದರು. ಅದು ಇನ್ನೂ ಅಲ್ಲೇ ಇದೆ ಎಂದು ಕೇಳಿದ್ದೇನೆ.

ಆಮೇಲೆ ಮಳೆ ಹಿಡಿಯಿತು. ಹಿಂದಿನ ಸಂಜೆ ಶುರುವಾದದ್ದು ಬೆಳಗಿನ ಜಾವ ನಿಂತಿತು. ಒಣ ಮಣ್ಣು ಆ ತೂತಿಗೆ ಸುರಿದ ಹಾಗೆಯೇ ನೀರೂ ಸುರಿದಿರುತ್ತದೆ ಎಂಬುದನ್ನು ಬಿಟ್ಟು ಬೇರೇನನ್ನೂ ನಾನು ಯೋಚಿಸಲಾರದೆ ಹೋದೆ. ರೈಲು ಬಂತು. ಮೊದಲ ಕಿಟಕಿಯಿಂದ ಕೊನೆಯ ಕಿಟಕಿಯ ತನಕ ನೋಡಿದೆ. ಬಾಗಿಲಿನ ಹತ್ತಿರ ಅವಳ ಜೊತೆಯವರಲ್ಲಿ ಒಬ್ಬಳು ಕಂಡಳು. ನನ್ನ ತಂಗಿ ಎಲ್ಲಿ ಎಂದು ಕೂಗಿದೆ. ಅವಳು ಏನೋ ಹೇಳಿದಳು. ನನಗೆ ಕೇಳಿದ್ದು ಹಿಂದೆ ಎಂಬ ಒಂದೇ ಮಾತು. ಹಿಂದಿನ ಬೋಗಿಯೋ, ಹಿಂದೆ ಬರುತ್ತಿದ್ದಳೋ, ಹಿಂದೆ ಉಳಿದಳೋ. ಜನ ನುಗ್ಗಿದರು, ರೈಲು ಹೊರಟಿತು. ನಾನು ಹತ್ತಲಿಲ್ಲ.

ಅವಳಿಗೆ ಫೋನು ಮಾಡಿದೆ; ಹೊಡೆದುಕೊಳ್ಳುತ್ತಿತ್ತು, ಎತ್ತುತ್ತಿರಲಿಲ್ಲ. ಸ್ಟೇಷನ್ನಿನ ಹೊರಗೆ ಆಟೋ ಹಿಡಿದು ಚಾಂಪಿಯನ್ ಎಂದೆ. ದಾರಿಯುದ್ದಕ್ಕೂ ಮತ್ತೆ ಮತ್ತೆ ಮಾಡಿದೆ. ಆಟೋದವನು ಕನ್ನಡಿಯಲ್ಲಿ ನೋಡಿ, ಆಸ್ಪತ್ರೆಯಾ ಅಮ್ಮ ಎಂದು ಕೇಳಿದ. ಅಲ್ಲ ಎಂದೆ. ಅವನು ವೇಗ ಕಡಿಮೆ ಮಾಡಲಿಲ್ಲ.

ಸ್ಟೇಷನ್ನಿನ ಹಿಂದೆ ಇಳಿದು ತಂತಿಯ ತನಕ ಹೋದೆ. ಒದ್ದೆ ನೆಲದಲ್ಲಿ ಹೆಜ್ಜೆಗಳು ಚೆನ್ನಾಗಿ ಮೂಡಿದ್ದವು. ಅವು ಬಯಲಿನಿಂದ ಈ ಕಡೆಗೆ ಬಂದಿದ್ದವು, ಒಂದೊಂದೂ ಬಿಡಿಯಾಗಿ. ಎಷ್ಟು ಜನರದು ಎಂದು ಬಿಡಿಸಲು ನೋಡಿದೆ, ಆಗಲಿಲ್ಲ. ತಂತಿಯ ಕೆಳಗೆ ನುಸುಳಿ ಒಳಗೆ ಹೋಗಬೇಕು. ಹೋಗಿ ನೋಡಬೇಕು. ತಂತಿಗೆ ಕೈ ಹಾಕಿದೆ. ನನ್ನ ಕಾಲು ಏಳಲಿಲ್ಲ. ಒಡಹುಟ್ಟಿದವಳು ಅಲ್ಲೆಲ್ಲೋ ಇದ್ದಾಳೆ ಎಂದು ನಂಬಿದ್ದೆ, ಆದರೂ ಏಳಲಿಲ್ಲ. ಅಲ್ಲೇ ನಿಂತು ಅವಳ ಹೆಸರು ಹಿಡಿದು ಕೂಗಿದೆ. ಬಯಲು ಹಾಗೇ ಇತ್ತು. ನೀರು ನಿಂತ ಕಡೆಗಳಲ್ಲಿ ಆಕಾಶ ಬೆಳ್ಳಗೆ ಕಾಣುತ್ತಿತ್ತು.

ಫೋನು ಬಂದದ್ದು ಆಗ. ಯಾಕೆ ಹೀಗೆ ಒಂದೇ ಸಮನೆ ಹೊಡೆಯುತ್ತಿದ್ದೀಯ ಎಂದು ಅವಳ ದನಿ. ಫೋನು ಊಟದ ಚೀಲದ ತಳದಲ್ಲಿತ್ತಂತೆ. ಏರಿಯ ರಸ್ತೆಯಲ್ಲಿ ನಡೆದು ಬರುತ್ತಿದ್ದಾಳಂತೆ.

ಕಾಯುತ್ತಿದ್ದ ಆಟೋದವನಿಗೆ ಆ ಕಡೆಗೆ ತಿರುಗಿಸಲು ಹೇಳಿದೆ. ಏರಿಯ ಮೇಲೆ ಹೊಸ ಕಲ್ಲು ಹಾಸಿನ ಹತ್ತಿರ ಅವಳು ಸಿಕ್ಕಳು. ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು, ಕಾಲೆಲ್ಲ ಕೆಸರು. ನಾನು ಅವಳ ಮೇಲೆ ಕೈ ಎತ್ತಿದೆ. ಹೊಡೆಯಲಿಲ್ಲ, ತೋಳು ಹಿಡಿದುಕೊಂಡೆ. ಆಟೋದವನು ಮುಖ ಬೇರೆ ಕಡೆ ತಿರುಗಿಸಿಕೊಂಡ.

ಅವಳೂ ಎಲ್ಲರ ಜೊತೆ ಆಚೆ ಕಡೆಯ ತಂತಿಯ ತನಕ ಹೋಗಿದ್ದಳು. ಬೇರೆಯವರು ನುಸುಳಿದರು, ಒಬ್ಬೊಬ್ಬರಾಗಿ ಹೋದರು. ಇವಳ ಸರದಿ ಬಂದಾಗ ತಂತಿ ಹಿಡಿದು ನಿಂತಳು. ಹೋಗುತ್ತೇನೆ ಎಂದುಕೊಂಡೇ ನಿಂತಿದ್ದಳು. ಮುಂದಿನವಳು ಅಷ್ಟು ದೂರ ಹೋಗಿ ತಿರುಗಿ ನೋಡಿ ಕೈ ಮಾಡಿದಳು. ಇವಳು ನೀನು ಹೋಗು ಎಂದು ಸನ್ನೆ ಮಾಡಿದಳು. ಆಮೇಲೆ ರಸ್ತೆಗೆ ಬಂದಳು. ಇದನ್ನು ಹೇಳುವಾಗ ಅವಳು ನಗಲಿಲ್ಲ.

“ನೀನ್ ಏಳೋಗಂಟ ಅದು ದಾರಿ ಕಣಕ್ಕ” ಎಂದಳು. “ನೀನ್ ಏಳಿದ್ಮೇಲೆ ಪೂರ್ತಿ ಗುಂಟ ಆಗೋಯ್ತು.”

ಹೇಳಿದವಳು ನಾನೇ. ಅವಳು ಗಾರ್ಮೆಂಟ್ಸಿಗೆ ಫೋನು ಮಾಡಿ ಜ್ವರ ಎಂದಳು. ಆಚೆಯಿಂದ ಯಾರೋ ಜೋರಾಗಿ ಮಾತಾಡಿದ್ದು ನನಗೂ ಕೇಳಿಸಿತು. ಇಟ್ಟ ಮೇಲೆ, ಚೆಕ್ಕಿಂಗಿಗೆ ಬೇರೆಯವಳನ್ನು ಹಾಕುತ್ತಾರಂತೆ, ನಾಳೆ ಬಂದರೆ ಹೊಲಿಗೆಯ ಸಾಲಿಗೆ ಎಂದಳು. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೆವು. ಬೆಂಚು ಒದ್ದೆಯಾಗಿತ್ತು. ವಾರದ ದಿನಗಳಲ್ಲಿ ಬಂಗಾರಪೇಟೆಗೆ ಬಂದು ನಮ್ಮ ಮನೆಯಲ್ಲೇ ಇರು ಎಂದೆ. ಹಸು ಯಾರು ಕರೆಯುತ್ತಾರೆ ಎಂದಳು. ಕೆಲಸ ಬ್ಯಾಡ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಮರುದಿನದಿಂದ ಅವಳು ಇನ್ನೂ ಬೇಗ ಎದ್ದು, ಬೆಳಕು ಹರಿಯುವ ಮುಂಚೆ ಏರಿಯ ರಸ್ತೆ ಹಿಡಿಯುತ್ತಿದ್ದಾಳೆ. ಮಿಕ್ಕ ಹೆಂಗಸರು ಬಯಲಿನಲ್ಲೇ ಹೋಗುತ್ತಾರೆ. ನಡೆಯುವಷ್ಟು ಹೊತ್ತೂ ನಾನು ಫೋನಿನಲ್ಲಿರಬೇಕು, ಅದು ನಮ್ಮ ಒಪ್ಪಂದ. ಹೆಚ್ಚು ಮಾತೇನಿಲ್ಲ. ಅವಳ ಉಸಿರು ಕೇಳುತ್ತದೆ, ಚಪ್ಪಲಿ ಸದ್ದು ಕೇಳುತ್ತದೆ, ಒಮ್ಮೊಮ್ಮೆ ನಾಯಿಗೆ ಗದರುತ್ತಾಳೆ. ಕೆರೆಯ ದಂಡೆಗೆ ಕಲ್ಲು ಹೊತ್ತ ಲಾರಿಗಳು ಬರುವುದು ಅದೇ ಹೊತ್ತಿಗೆ, ಅದೇ ಇಕ್ಕಟ್ಟು ರಸ್ತೆಯಲ್ಲಿ. ದೂರದಲ್ಲಿ ಹಾರನ್ ಕೇಳಿದರೆ ನಾನು ಇಲ್ಲಿ ಒಲೆಯ ಮುಂದೆ ನಿಂತು, ಪಕ್ಕಕ್ಕೆ ಹೋಗು, ಪಕ್ಕಕ್ಕೆ ಹೋಗು ಎನ್ನುತ್ತೇನೆ. ಪಕ್ಕಕ್ಕೋದೆ, ಪಕ್ಕಕ್ಕೋದೆ, ಮಣ್ಣಿಗಿಳಿದೆ ಎನ್ನುತ್ತಾಳೆ. ಲಾರಿ ಹಾದುಹೋಗುವ ಸದ್ದಿನಲ್ಲಿ ಅವಳ ದನಿ ಮುಳುಗುತ್ತದೆ. ಅದು ಮತ್ತೆ ಕೇಳುವ ತನಕ ನಾನು ಸೌಟು ಕೆಳಗಿಡುವುದಿಲ್ಲ.